ಹದಿನೈದು ದಿನದ ಭಿಕ್ಷು

ಥಾಯ್ಲೆಂಡಿನ ಕ್ರಾಬಿ ಕಡಲ ದಂಡೆಯಲ್ಲಿ ಪ್ರವಾಸಿಗಳಿಗೆ ದೋಣಿ ನಡೆಸುವ ವಿಚಾನನಿಗೆ ಹದಿನಾಲ್ಕು ವರ್ಷ ಕತ್ತರಿ ತಾಕದ ಜಡೆ, ಸೊಂಟ ಮುಟ್ಟುತ್ತಿತ್ತು. ಜಮೈಕಾದಿಂದ ಬಂದ ಒಬ್ಬ ಡೋಲಿನವನ ಸಹವಾಸದಲ್ಲಿ ಇಥಿಯೋಪಿಯಾದ ಹಿಂದಿನ ದೊರೆಯನ್ನೇ ದೇವರೆಂದು ನಂಬುವ, ಜಡೆ ಬಿಡುವ ರಾಸ್ತಾ ಪಂಥ ಸೇರಿದವನು. ತಲೆಗೆ ಕತ್ತಿ ಸೋಕಿಸುವುದಿಲ್ಲ, ಹಂದಿಮಾಂಸ ಮುಟ್ಟುವುದಿಲ್ಲ ಎಂದು ‘ಜಾ’ ಎಂದು ಕರೆಯುವ ಆ ದೇವರ ಮೇಲೆ ಆಣೆ ಇಟ್ಟಿದ್ದ. ಊರಿನವರು ನಕ್ಕರು. ಬುದ್ಧನ ಊರಿನಲ್ಲಿ ಹುಟ್ಟಿ ಇಥಿಯೋಪಿಯಾದ ದೊರೆಗೆ ಕೈಮುಗಿದರೆ ನಗದೇ ಇರುತ್ತಾರೆಯೇ?

ತಾಯಿ ಸಾಯ್‌ಬುವಾ ಮಾತ್ರ ನಗಲಿಲ್ಲ. ಹೊಟ್ಟೆಯ ಗಡ್ಡೆಗೆ ಇನ್ನು ಮದ್ದಿಲ್ಲ ಎಂದು ವೈದ್ಯರು ಕೈಚೆಲ್ಲಿದ ದಿನ ಮಗನನ್ನು ಕರೆದಳು. ಗಂಡುಮಗ ಒಮ್ಮೆ, ಕೆಲವೇ ದಿನವಾದರೂ, ಭಿಕ್ಷುವಾದರೆ ಆ ಪುಣ್ಯ ಹೆತ್ತವಳಿಗೆ ಎಂಬುದು ಅಲ್ಲಿನ ನಂಬಿಕೆ.

“ಹದಿನೈದೇ ದಿನ ಕಣೋ. ನಾನೇನು ನಿನ್ ಜೀವ ಕೇಳಿದ್ನಾ?”

“ಕೂದ್ಲು ಕೇಳೋದೂ ಜೀವ ಕೇಳೋದೂ ನಂಗೆ ಒಂದೇ ಅಮ್ಮ. ಆಣೆ ಇಟ್ಟಿದೀನಿ.”

“ಒಂಬತ್ ತಿಂಗ್ಳು ನಿನ್ನ ಹೊತ್ತಿದ್ದು ಯಾರು, ಆ ನಿನ್ ‘ಜಾ’ ದೇವ್ರಾ?”

ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ವಿಹಾರದ ಅಂಗಳದಲ್ಲಿ ತಲೆಯೊಡ್ಡಿ ಕೂತ. ಪದ್ಧತಿಯಂತೆ ಮೊದಲು ತಾಯಿಯೇ ಕತ್ತರಿಸಬೇಕು. ಹಗ್ಗದಂಥ ಜಡೆಗೆ ಕತ್ತರಿ ನಾಟದೆ ಅವಳು ಬೆವತುಹೋದಳು. ಕೊನೆಗೆ ಅವನ ತಂಗಿ ಫಿಕುಲ್ ಮೀನು ಕೊಯ್ಯುವ ಚೂರಿ ತಂದುಕೊಟ್ಟಳು. ಜಡೆಯ ಹಿಂದೆಯೇ, ಅಲ್ಲಿನ ಭಿಕ್ಷುಗಳ ರೂಢಿಯಂತೆ, ಹುಬ್ಬೂ ಹೋಯಿತು.

ಕಾಷಾಯ ಉಟ್ಟು ಬಂದ ಮಗನಿಗೆ ತಾಯಿ ಅಡ್ಡಬಿದ್ದಳು, ‘ಸ್ವಾಮಿ, ತಾವು’ ಎಂದಳು. ಅವನು ನಾಚಿಕೆಯಿಂದ ಕುಗ್ಗಿಹೋದ. ಮರುದಿನ ಭಿಕ್ಷಾಪಾತ್ರೆಗೆ ಚಿಕ್ಕಮ್ಮ ಹಾಕಿದ್ದು ಹಂದಿಮಾಂಸದ ಪಲ್ಯ. ಕೊಟ್ಟದ್ದನ್ನು ಒಲ್ಲೆ ಎನ್ನದೆ ಉಣ್ಣುವುದೇ ಭಿಕ್ಷುವಿನ ನಡತೆ. ಕಣ್ಣು ಮುಚ್ಚಿ ನುಂಗಿದ. ಅಹಂಕಾರ ಬಿಡಲೆಂದು ಒಬ್ಬರು ಕೂದಲು ಬೆಳೆಸುತ್ತಾರೆ, ಇನ್ನೊಬ್ಬರು ಬೋಳಿಸುತ್ತಾರೆ. ನಡುವೆ ಸಿಕ್ಕಿಬಿದ್ದವನ ಪಾಡು ಯಾರಿಗೆ ಬೇಕು! ಅತ್ತ ‘ಜಾ’ ದೇವರಿಗೆ ಮುಖ ತೋರಿಸುವಂತಿಲ್ಲ, ಇತ್ತ ಬುದ್ಧನೆದುರು ಮನಸ್ಸು ನಿಲ್ಲುವುದಿಲ್ಲ. ದಿನ ಎಣಿಸುತ್ತಾ ಕೂತ.

ಒಂಬತ್ತನೆಯ ದಿನ ಮಧ್ಯಾಹ್ನ ತಾಯಿಗೆ ಉಸಿರು ಕಟ್ಟತೊಡಗಿತು. ವಿಹಾರದ ಹಿರಿಯ ಗುರುಗಳ ಜೊತೆ ಸೂತ್ರ ಪಠಿಸಲು ವಿಚಾನ ಮನೆಗೆ ಬಂದು ಹಾಸಿಗೆಯ ಪಕ್ಕ ಕೂತ. ಅವಳು ಕಣ್ಣು ಮುಚ್ಚಿಕೊಂಡೇ ಅವನತ್ತ ಕೈ ಚಾಚಿದಳು. ‘ಸ್ವಾಮಿ’, ‘ತಾವು’ ಎಲ್ಲ ಅವಳಿಗೆ ಮರೆತುಹೋಗಿತ್ತು.

“ಕೈ ಕೊಡೋ ಮಗ.”

ಭಿಕ್ಷು ಹೆಂಗಸನ್ನು ಮುಟ್ಟುವಂತಿಲ್ಲ, ಹೆತ್ತವಳನ್ನೂ. ಗುರುಗಳು ಅವನನ್ನೇ ನೋಡುತ್ತಿದ್ದರು.

“ಅಮ್ಮ, ಈ ಕಾಷಾಯ ಈಗ್ಲೇ ಬಿಟ್‌ಬಿಡ್ತೀನಿ. ಆಮೇಲೆ ಕೈ ಹಿಡ್ಕೋತೀನಿ.”

“ಬೇಡಪ್ಪಾ ಬೇಡ! ನನ್ ಪುಣ್ಯ ಕಳೀಬೇಡ.” ಚಾಚಿದ ಕೈ ಮಾತ್ರ ಹಿಂದೆ ಹೋಗಲಿಲ್ಲ. “ಕೈ ಕೊಡು.”

ಅವನಿಗೆ ಬಾಯಿಬಿಟ್ಟು ಅಳಬೇಕೆನಿಸಿತು. ಹಾಸಿಗೆಯ ಆಚೆ ಬದಿಗಿದ್ದ ಫಿಕುಲ್‌ಗೆ ಕಣ್ಸನ್ನೆ ಮಾಡಿ ಸೂತ್ರ ಹೇಳತೊಡಗಿದ. ಅವಳು ಸದ್ದಿಲ್ಲದೆ ತನ್ನ ಕೈಯನ್ನು ತಾಯಿಯ ಕೈಯೊಳಗಿಟ್ಟಳು. ಮುದುಕಿಯ ಬೆರಳುಗಳು ಅದನ್ನು ಒಂದು ಗಳಿಗೆ ತಡವಿದವು.

“ಇದು ನಿನ್ ಕೈಯಲ್ಲ ಕಣೋ,” ಎಂದಳು.

ವಿಚಾನ ಸೂತ್ರ ಹೇಳುತ್ತಲೇ ಇದ್ದ.