ಒಂಟಿ ಕೈಗೆ ಏಳು ಪಟಕಾ

ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ನಮ್ಮೂರಿಗೆ ದಾನದ ಹುಚ್ಚು ಹಿಡಿಯಿತು. ಕಷ್ಟದಲ್ಲಿದ್ದವರಿಗೆ ನೆರವಾಗಲೆಂದು ಒಂದು ಸಹಾಯ ಮಂಡಳಿ ಹುಟ್ಟಿತು. ಅಂಗಡಿಯ ಸಾಹುಕಾರರು ಅಧ್ಯಕ್ಷರಾದರು. ಕನ್ನಡ ಸಾಲೆಯ ಮಾಸ್ತರನಾಗಿದ್ದ ನಾನು, ಮರಾಠಿಯೂ ಬರುತ್ತದೆಂಬ ಕಾರಣಕ್ಕೆ, ಕಾರ್ಯದರ್ಶಿಯಾದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಸಭೆಯ ಠರಾವು ಬರೆಯುವುದೆಂದರೆ ನನಗೆ ಊಟಕ್ಕಿಂತ ಹೆಚ್ಚು ರುಚಿ.

ಮೊದಲು ಎಲ್ಲೋ ದೂರದ ಸೀಮೆಯಲ್ಲಿ ನೆರೆ ಬಂತೆಂದು ಬಟ್ಟೆ ಕೂಡಿಸಿದೆವು. ಒಂದು ಕೊಡ ನೀರಿಗೆ ಬಾವಿ ಕಟ್ಟೆಯ ಮೇಲೆ ಜುಟ್ಟು ಹಿಡಿದು ಜಗಳಾಡುವ ನಮ್ಮ ಜನಕ್ಕೆ, ನೀರು ಹೆಚ್ಚಾದರೂ ತೊಂದರೆಯೇ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ತಿಳಿದ ಮೇಲೆ ಕೊಟ್ಟರು, ಇಲ್ಲವೆನ್ನಲಾರೆ. ಗುಂಡಿಯಿಲ್ಲದ ಕೋಟು ಬಂತು, ಬೆನ್ನಿಲ್ಲದ ಅಂಗಿ ಬಂತು. ಒಬ್ಬರಂತೂ ಮಗನ ಮದುವೆಯ ಬಾಸಿಂಗವನ್ನೇ ಗಂಟಿಗೆ ಹಾಕಿದ್ದರು. ಮನೆ ತೇಲಿಹೋದವನು ಮೊದಲು ಮದುವೆ ಮಾಡಿಕೊಳ್ಳಲಿ ಎಂದಿರಬೇಕು. ಸಾಹುಕಾರರು ಅಂಗಡಿಯಲ್ಲಿ ಇಲಿ ಕಡಿದ ಸೀರೆಗಳನ್ನು ಕೊಟ್ಟು, ಅದಕ್ಕೊಂದು ಅಭಿನಂದನೆಯ ಠರಾವು ಬರೆಸಿಕೊಂಡರು. ಬರೆದವನು ನಾನೇ.

ಅದೇ ಸುಮಾರಿಗೆ ನಮ್ಮೂರ ಕುರಿಗಾರರ ಮನೆಯವನೊಬ್ಬ ಕಾಶ್ಮೀರದ ಲಡಾಯಿಯಿಂದ ಬಲಗೈಯನ್ನು ಮೊಣಕೈವರೆಗೆ ಕಳೆದುಕೊಂಡು ಬಂದ. ಮಂಡಳಿಗೆ ಹಬ್ಬವೇ ಹಬ್ಬ. ನೆರೆ ಸಂತ್ರಸ್ತರು ಕಣ್ಣಿಗೆ ಕಾಣುತ್ತಿರಲಿಲ್ಲ, ಇವನು ಕಾಣುತ್ತಿದ್ದ. ಗಾಯಾಳು ಸೈನಿಕರಿಗಾಗಿ ಚಂದಾ ಎತ್ತಲು ಅವನನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಬಿಳೂರ, ಡಫಳಾಪುರ, ದರಿಬಡಚಿ ಎಂದು ಏಳು ಊರು ತಿರುಗಿಸಿದೆವು. ಸಾಹುಕಾರರು ಭಾಷಣದ ನಡುವೆ ಅವನ ಅಂಗಿಯ ಖಾಲಿ ತೋಳನ್ನು ಹಿಡಿದೆತ್ತಿ ತೋರಿಸುವರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವರು. ಅವನು ನೆಲ ನೋಡುತ್ತ ನಿಲ್ಲುವನು. ಕೂಡಿದ ಚಂದಾ ಜಿಲ್ಲೆಗೆ ಹೋಗುತ್ತಿತ್ತು, ಅವನು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ.

ಬರಿಗೈಯಲ್ಲಿ ಎಂದರೆ ತಪ್ಪಾದೀತು. ಪ್ರತಿ ಊರಿನವರೂ ಅವನಿಗೆ ಪಟಕಾ ಸುತ್ತಿ ಸನ್ಮಾನ ಮಾಡಿದರು. ನಮ್ಮ ಕಡೆ ಗಂಡಸಿಗೆ ಮರ್ಯಾದೆ ಮಾಡುವುದೆಂದರೆ ತಲೆಗೆ ಪಟಕಾ ಸುತ್ತುವುದು, ಬೇರೇನೂ ಯಾರಿಗೂ ಹೊಳೆಯುವುದಿಲ್ಲ. ಅಷ್ಟುದ್ದದ ಬಟ್ಟೆಯನ್ನು ಮರುದಿನ ಅವನು ಒಂದು ಕೈಯಿಂದ ಹೇಗೆ ಸುತ್ತಿಕೊಳ್ಳಬೇಕೆಂದು ಏಳು ಊರಿನ ಹಿರಿಯರಲ್ಲಿ ಒಬ್ಬರೂ ಯೋಚಿಸಲಿಲ್ಲ. ಅವನು ಬರಿತಲೆಯಲ್ಲಿ ಓಡಾಡುವುದನ್ನು ಕಂಡು, “ಕೊಟ್ಟ ಮರ್ಯಾದಿ ಉಳಿಸ್ಕೊಳ್ಳಾಕ ಬರಂಗಿಲ್ಲ ನೋಡ್ರಿ ಇವಗ” ಎಂದು ಆಡಿಕೊಂಡರು. ಒಂದು ದಿನ ಹೆಂಡತಿಯೇ ಸುತ್ತಿ ಕಳಿಸಿದಳು. ಕಟ್ಟೆಯ ಮೇಲೆ ಕುಳಿತವರು ಅದಕ್ಕೂ ನಕ್ಕರು. ಆಮೇಲೆ ಆಕೆ ಏಳೂ ಪಟಕಾಗಳನ್ನು ಕತ್ತರಿಸಿ ಕೂಸಿಗೆ ಕೌದಿ ಹೊಲಿದಳು. ಊರಲ್ಲಿ ಬುದ್ಧಿಯಿದ್ದವಳು ಅವಳೊಬ್ಬಳೇ ಎಂದು ಈಗ ಅನ್ನಿಸುತ್ತದೆ.

ಅವನಿಗೆ ಬೇಕಾದದ್ದು ಬೇರೆಯೇ ಇತ್ತು. ನಮ್ಮ ಸಾಲೆಗೆ ಆಗ ಒಬ್ಬ ಪಟ್ಟೇವಾಲಾನ ಜಾಗ ಮಂಜೂರಾಗಿತ್ತು. ಗಂಟೆ ಹೊಡೆಯಬೇಕು, ಕಸ ಗುಡಿಸಬೇಕು, ಬಾಗಿಲು ತೆಗೆದು ಹಾಕಬೇಕು. ಒಂದು ಮುಂಜಾನೆ ಅವನು ನನ್ನನ್ನು ಹುಡುಕಿಕೊಂಡು ಬಂದ. “ಬರ್ರಿ, ಕುಂದ್ರಿ” ಎಂದೆ. ಕೂಡಲಿಲ್ಲ.

“ಮಾಸ್ತರ, ಆ ಕೆಲಸ ನನಗ ಕೊಡಸ್ರಿ. ಕುರಿ ಹಿಂದ ಹ್ವಾದ್ರ ಮರಿ ಎತ್ಕೊಳ್ಳಾಕ ಎರಡು ಕೈ ಬೇಕು. ಗಂಟಿ ಹೊಡ್ಯಾಕ ಒಂದು ಸಾಕ್ರಿ.”

ಪೆನ್ಷನ್ನಿನ ಕಾಗದ ಇನ್ನೂ ಬಂದಿರಲಿಲ್ಲ. ಕೆಲಸ ಸಿಕ್ಕರೆ ಸಂಸಾರ ಊರಲ್ಲಿ ಉಳಿಯುತ್ತಿತ್ತು, ಇಲ್ಲದಿದ್ದರೆ ಹೆಂಡತಿ ಕೂಸನ್ನು ಕಟ್ಟಿಕೊಂಡು ಕೃಷ್ಣೆಯ ಕಡೆಗೆ ಕಬ್ಬು ಕಡಿಯುವ ಕೂಲಿಗೆ ಹೋಗಬೇಕಿತ್ತು. ಅವನ ಅರ್ಜಿ ಹೋದಾಗ, ಸೈನಿಕನ ವಿಷಯವೆಂದು ಮೇಲಿನವರು ನಮ್ಮ ಮಂಡಳಿಯ ಅಭಿಪ್ರಾಯ ಕೇಳಿದ್ದರು. ಹೂಂ ಎಂದು ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು.

ಮಂಡಳಿ ಕೂಡಿತು. ಸಾಹುಕಾರರ ತಂಗಿಯ ಮಗ, ಎರಡು ಕೈಯಿದ್ದೂ ಒಂದನ್ನೂ ಆಡಿಸದ ಮಹಾನುಭಾವ, ಅದೇ ಜಾಗಕ್ಕೆ ಅರ್ಜಿ ಹಾಕಿದ್ದ. ಆ ಮಾತನ್ನು ಯಾರೂ ಎತ್ತಲಿಲ್ಲ. ಸಾಹುಕಾರರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡು ಎದ್ದು ನಿಂತರು.

“ದೇಶದ ಸಲುವಾಗಿ ಕೈ ಕಳಕೊಂಡಾವ ಸಾಲಿ ಕಸ ಹೊಡೀಬೇಕೇನ್ರಿ? ನಮಗ ನಾಚಿಕಿ ಬರಬೇಕು. ಮಾಸ್ತರ, ಭಾಳ ಚಲೋ ಶಬ್ದದಾಗ ಬರೀರಿ.”

ಒಳಗುಟ್ಟು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ತಂಗಿಯ ಮಗನ ಅರ್ಜಿ ಬರೆದುಕೊಟ್ಟವನೂ ನಾನೇ. ಆದರೆ ಲೇಖನಿ ಕೈಗೆ ಬಂದೊಡನೆ ನನಗೆ ಬೇರೆಲ್ಲ ಮರೆತುಹೋಗುತ್ತಿತ್ತು. “ರಣಭೂಮಿಯಲ್ಲಿ ಖಡ್ಗ ಝಳಪಿಸಿದ ವೀರನ ಹಸ್ತಕ್ಕೆ ಕಸಬರಿಗೆ ಕೊಡುವುದು ತಾಯ್ನಾಡಿಗೇ ಕಳಂಕವೆಂದು ಈ ಮಂಡಳಿಯು ಭಾವಿಸುತ್ತದೆ” ಎಂದು ಬರೆದೆ. ಅವನು ಖಡ್ಗವನ್ನು ಕಂಡವನೂ ಅಲ್ಲ. ಲಾರಿಗೆ ಹಿಟ್ಟಿನ ಚೀಲ ಏರಿಸುವಾಗ ಗುಂಡು ತಗಲಿತ್ತು. ವಾಕ್ಯ ಮಾತ್ರ ಚೆನ್ನಾಗಿ ಬಂದಿತ್ತು. ಎರಡು ಸಲ ಓದಿಸಿ ಎಲ್ಲರೂ ತಲೆದೂಗಿದರು.

ಕೆಲಸ ತಂಗಿಯ ಮಗನಿಗಾಯಿತು. ಮರುದಿನವೇ ಸೈನಿಕ ನನ್ನ ಮನೆಗೆ ಬಂದ.

“ನನ್ನ ಮ್ಯಾಲ ಏನೋ ಬರದೀರಂತಲ್ರಿ. ಓದ್ರಿ, ಕೇಳತೀನಿ.”

ಓದಿದೆ. ದನಿಯಲ್ಲಿ ಏರಿಳಿತ ತಂದು ಓದಿದೆ ಎಂದು ಹೇಳಿದರೆ ನೀವು ನಂಬುವುದಿಲ್ಲ.

“ಇನ್ನೊಮ್ಮಿ ಓದ್ರಿ” ಎಂದ. ಮೆಚ್ಚಿಕೊಂಡನೆಂದೇ ತಿಳಿದು ಇನ್ನಷ್ಟು ನಿಧಾನವಾಗಿ ಓದಿದೆ.

“ಚಲೋ ಬರದೀರಿ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದು ಕೈ ಲಡಾಯಿಯಾಗ ಹೋತು, ಮಾಸ್ತರ. ಉಳದದ್ದು ಇವತ್ತ ಹೋತು.”

ಊರಿನವರನ್ನೆಲ್ಲ ಇಷ್ಟು ಹೊತ್ತು ಹಂಗಿಸಿದೆನಲ್ಲ, ಅವರಾರೂ ನನ್ನಷ್ಟು ಕೆಟ್ಟದ್ದು ಮಾಡಿದವರಲ್ಲ. ಆ ವಾರವೇ ಗಂಡ, ಹೆಂಡತಿ, ಕೂಸು ಮೂವರೂ ಕಬ್ಬಿನ ಸೀಮೆಗೆ ಹೊರಟರು. ಸಾಲೆಯ ಮುಂದಿನಿಂದಲೇ ಹಾದುಹೋದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ, ಹೊರಗೆ ಬರಲಿಲ್ಲ.