ನಿಂತ ವಿಮಾನದಲ್ಲಿ ನನ್ನ ಮೊದಲ ಪ್ರಯಾಣ

ಅಕ್ಕನ ಮಗಳ ಮದುವೆ ಜೈಪುರದಲ್ಲಿ ಎಂದು ಗೊತ್ತಾದ ದಿನ ನಾನು ಮೊದಲು ಹುಡುಕಿದ್ದು ರೈಲಿನ ವೇಳೆಯನ್ನು. ಅಷ್ಟರಲ್ಲಿ ಅಕ್ಕ ನನಗೆ, ನನ್ನ ಹೆಂಡತಿಗೆ, ಮಾವಳ್ಳಿಯ ಚಿಕ್ಕಮ್ಮನಿಗೆ ಗೋವಾದಿಂದ ವಿಮಾನದ ಟಿಕೆಟ್ ಮಾಡಿಸಿಯೇ ಬಿಟ್ಟಿದ್ದಳು. ನನಗೆ ಐವತ್ತು ದಾಟಿದೆ. ಹೊನ್ನಾವರದ ಪೇಟೆಯಲ್ಲಿ ಫ್ಯಾನು, ಮಿಕ್ಸಿ ಮಾರುವ ಅಂಗಡಿಯಿದೆ. ಮೇಲಿನ ಅಟ್ಟದಿಂದ ಫ್ಯಾನಿನ ಡಬ್ಬ ಇಳಿಸಬೇಕೆಂದರೆ ಏಣಿ ಹತ್ತಲು ಪಕ್ಕದ ಅಂಗಡಿಯವರನ್ನು ಕರೆಯುವವನು ನಾನು.

ಹೆದರಿಕೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಕಾರವಾರದ ಕಡಲತೀರದಲ್ಲಿ ನೌಕಾಪಡೆಯ ಹಳೆಯ ವಿಮಾನವೊಂದನ್ನು ಜನ ನೋಡಲೆಂದು ನಿಲ್ಲಿಸಿದ್ದಾರೆ, ಒಳಗೂ ಹತ್ತಬಹುದು. ಹಾರದ ವಿಮಾನದೊಳಗೆ ಒಮ್ಮೆ ಹೊಕ್ಕು ಬಂದರೆ ಹಾರುವ ಹೆದರಿಕೆ ಅರ್ಧವಾದರೂ ಇಳಿದೀತು ಎಂದುಕೊಂಡೆ. ಮನೆಯಲ್ಲಿ ಮಾತ್ರ, "ದೇಶದ ಇತಿಹಾಸ ನೋಡ್ಬೇಕು" ಎಂದೆ. ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಇತಿಹಾಸ ಎಂಬ ಶಬ್ದವನ್ನೇ ಕೇಳದ ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು.

ಭಾನುವಾರ ಚಿಕ್ಕಮ್ಮನನ್ನೂ ಕರೆದುಕೊಂಡು ಹೊರಟೆವು. ಕುಮಟೆಯಲ್ಲಿ ಬನ್ಸ್ ತಿನ್ನುವಾಗಲೂ, ಮುಂದೆ ಕಾರಿನಲ್ಲೂ ನಾನು ರೆಕ್ಕೆ, ಗಾಳಿ, ಎಂಜಿನ್ನು ಎಂದು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ವಿವರಿಸಿದೆ. ಚಿಕ್ಕಮ್ಮ "ಹೌದನಾ" ಎನ್ನುತ್ತ ಕಿಟಕಿಯಾಚೆ ನೋಡುತ್ತಿದ್ದಳು.

ವಿಮಾನ ನಾನೆಣಿಸಿದ್ದಕ್ಕಿಂತ ಬಹಳ ದೊಡ್ಡದಿತ್ತು. ರೆಕ್ಕೆಯ ನೆರಳಲ್ಲಿ ನಿಂತು ಚಿಕ್ಕಮ್ಮ ಕೇಳಿದಳು, "ಇಷ್ಟೆಲ್ಲ ಭಾರ ಮೇಲೆ ಹೋಗೂದು ಹ್ಯಾಂಗೆ ಮಾರಾಯಾ?" ದಾರಿಯುದ್ದಕ್ಕೂ ಪಾಠ ಹೇಳಿದ್ದ ನಾನು ಮತ್ತೆ ಮೊಬೈಲು ತೆಗೆದು ಹುಡುಕತೊಡಗಿದೆ.

ಒಳಗೆ ಬಸ್ಸಿನ ಹಾಗೆ ಸೀಟಿನ ಸಾಲು ಇರುತ್ತದೆಂದು ನಂಬಿದ್ದೆ. ಇದ್ದದ್ದು ಕೊಳವೆಯಂಥ ಇಕ್ಕಟ್ಟು, ಗೋಡೆ ತುಂಬ ಮೀಟರು, ಗುಂಡಿ, ವೈರು. ತಲೆ ಬಗ್ಗಿಸಿ ಸಾಗುತ್ತಿದ್ದಾಗ ಕಡಲ ಕಡೆಯಿಂದ ಜೋರು ಗಾಳಿ ಬೀಸಿತು. ಎಲ್ಲೋ ತಗಡು ಗಡಗಡ ಎಂದಿತು. "ಅಯ್ಯೋ, ಹೊರಟ್ತು!" ಎಂದು ಕೂಗಿ, ನನ್ನ ಮುಂದಿದ್ದ ಅಪರಿಚಿತರೊಬ್ಬರ ಸೊಂಟವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ.

ಅವರು ಭಟ್ಕಳದಿಂದ ಮಕ್ಕಳೊಂದಿಗೆ ಬಂದಿದ್ದವರು. ಹಿಂತಿರುಗಿ ಬಹಳ ಮರ್ಯಾದೆಯಿಂದ, "ಹೊರಡೂದಿಲ್ಲ ಸಾಹೇಬ್ರೇ, ಇದನ್ನ ನಿಲ್ಸಿ ವರ್ಷಗಟ್ಟಲೆ ಆತು" ಎಂದರು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದವು. ಹಿಡಿದ ಸೊಂಟವನ್ನು ಬಿಡಬೇಕೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು.

ಹೊರಗೆ ಬಂದು ಸೋಡಾ ಕುಡಿಯುತ್ತ ಕೂತಾಗ ಹೆಂಡತಿ ಕೇಳಿದಳು, "ಇತಿಹಾಸ ನೋಡಿ ಆತಾ?"

"ನಂಗೆ ಹೆದರ್ಕೆ ಆಗ್ತದೆ" ಎಂದೆ.

ಅವಳು ನಗಲಿಲ್ಲ. "ನಂಗೂ ಆಗ್ತದೆ. ನಿಮಗೆ ಧೈರ್ಯ ಇದೆ ಅಂದ್ಕಂಡು ಸುಮ್ಮನಿದ್ದೆ."

ನನಗೆ ಧೈರ್ಯವಿದೆಯೆಂದು ಭೂಮಿಯ ಮೇಲೆ ಒಬ್ಬರಾದರೂ ನಂಬಿದ್ದರು ಎಂಬುದೇ ನನಗೆ ಹೊಸ ಸುದ್ದಿ. ಚಿಕ್ಕಮ್ಮ ಇಬ್ಬರ ಮುಖವನ್ನೂ ನೋಡಿದಳು. "ಎಂತಕ್ಕೆ ಹೆದರೂದು? ನಾ ನಡುವೆ ಕೂತ್ಕಂತೆ. ಇಬ್ರೂ ನನ್ನ ಕೈ ಹಿಡ್ಕಣಿ."

ಮದುವೆಗೆ ಹೋಗುವ ದಿನ ಹಾಗೆಯೇ ಕೂತೆವು. ವಿಮಾನ ನೆಲ ಬಿಡುವ ಮೊದಲೇ ನಾನು ಕಣ್ಣು ಮುಚ್ಚಿದ್ದೆ. ನಡುವೆ ಒಮ್ಮೆ ಕಣ್ಣು ಬಿಟ್ಟು ನೋಡಿದರೆ ಹೆಂಡತಿ ಕಿಟಕಿಗೆ ಮೂಗು ಹಚ್ಚಿ ಮೋಡ ನೋಡುತ್ತಿದ್ದಳು, ಚಿಕ್ಕಮ್ಮ ಗೊರಕೆ ಹೊಡೆಯುತ್ತಿದ್ದಳು. ಇಳಿಯುವಾಗ ಚಿಕ್ಕಮ್ಮನ ಕೈ ಮೇಲೆ ನನ್ನ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಮದುವೆ ಮನೆಗೆ ಬಂದವರಿಗೆಲ್ಲ ಅವಳು ಅದನ್ನು ತೋರಿಸಿದಳು. ಕನ್ನಡ ಬಾರದ ಗಂಡಿನ ಕಡೆಯವರಿಗೂ ಅದು ಅರ್ಥವಾಯಿತು.