ಬೀಗರ ಬೇವಿನಲ್ಲಿ ಮರಕುಟಿಗ

ಬಬಲೇಶ್ವರದ ಒಂದು ಬೇವಿನ ಮರ ನಮ್ಮ ಕಾಕಾನ ಜೀವ ತೆಗೆದುಕೊಂಡಿತು. ಬೀಗರ ಮರವೆಂದು ಅವರು ಬಾಯಿ ಬಿಡಲಿಲ್ಲ, ಅದೇ ಕಾರಣ. ಅವರ ಎಡಗಿವಿಯ ಅಂಚು ಕರ್ರಗೆ, ಒರಟಾಗಿ, ತೊಗಟೆಯಂತೆಯೇ ಆಗಿತ್ತು. ಕೊಳ್ಳುವ ಮುಂಚೆ ಮರಕ್ಕೆ ಆ ಕಿವಿ ಹಚ್ಚಿ, ಕೊಡಲಿಯ ಹಿಂಬದಿಯಿಂದ ಬಡಿದು, ಒಳಗೆ ಗಟ್ಟಿಯೋ ಟೊಳ್ಳೋ ಎಂದು ಕೇಳುತ್ತಿದ್ದರು.

ಸ್ವಂತ ಕಾಕಾ ಅಲ್ಲ. ನಮ್ಮ ಓಣಿಯವರು, ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ನನ್ನ ಕಟ್ಟಿಗೆ ಅಡ್ಡೆಯಲ್ಲಿ ಪಾಲುದಾರರು. ಯುದ್ಧದ ಕಾಲ, ಕಟ್ಟಿಗೆ ಎಷ್ಟು ತಂದರೂ ಸಾಲುತ್ತಿರಲಿಲ್ಲ. ಹೊಲದಲ್ಲಿ ನಿಂತ ಮರವನ್ನೇ ಮಾತಾಡಿ ಕೊಳ್ಳುತ್ತಿದ್ದೆವು. ಬೆಲೆ ಕುದುರಿಸುವುದು ನನ್ನ ಕೆಲಸ, ಮರ ನೋಡುವುದು ಅವರದು.

ಕಿವಿಗಿಂತ ಅವರು ಹೆಚ್ಚು ನಂಬುತ್ತಿದ್ದದ್ದು ಮರಕುಟಿಗವನ್ನು. ಬೆನ್ನು ಬಂಗಾರದ ಬಣ್ಣ, ನೆತ್ತಿಯ ಮೇಲೆ ಕೆಂಪು ಜುಟ್ಟು. ಗಡುಸು ಬಾಲವನ್ನು ತೊಗಟೆಗೆ ಊರಿ ನೆಟ್ಟಗೆ ನಿಂತು, ಕೊಕ್ಕಿನಿಂದ ತಟ್ಟಿ, ಉದ್ದ ನಾಲಿಗೆಯನ್ನು ಸೀಳಿನೊಳಗೆ ಬಿಟ್ಟು ಇರುವೆ, ಹುಳು ಎಳೆಯುತ್ತದೆ. ಮೇಯಲು ಅದಕ್ಕೆ ಯಾವ ಮರವಾದರೂ ನಡೆಯುತ್ತದೆ. ಗೂಡು ಕೊರೆಯಲು ಮಾತ್ರ ಒಳಗೆ ಮೆತ್ತಗಾದ ಮರವನ್ನೇ ಹುಡುಕುತ್ತದೆ.

ಟಿಕೋಟಾದಲ್ಲಿ ಒಬ್ಬ ರೈತ ತನ್ನ ಮಾವಿನ ಮರದ ತೂತು ತೋರಿಸಿ, "ಈ ಹಾಳ ಹಕ್ಕಿ ನನ್ನ ಗಟ್ಟಿ ಮರಾ ಕೆಡಿಸೈತ್ರಿ" ಎಂದು ಕವಣೆಗೆ ಕಲ್ಲು ಹೂಡಿದ. ಕಾಕಾ ಅವನ ಕೈ ಹಿಡಿದರು.

"ಹಕ್ಕಿ ಮ್ಯಾಲ ಯಾಕ ಸಿಟ್ಟೋ ತಮ್ಮಾ? ಒಳಗ ಕೊಳತ ಮ್ಯಾಲ ಅದು ಮನಿ ಮಾಡೈತಿ. ಈ ಮರದಾಗ ಹಲಗಿ ಇಲ್ಲ, ಒಲಿಗೆ ಹಾಕೋದೈತಿ. ಹಂಗ ಬೆಲಿ ಹೇಳು."

"ಹಕ್ಕಿ ನಿಮ್ಮ ಪಾಲುದಾರ ಏನ್ರಿ?"

"ಹೌದಪಾ. ಈ ಪಾಲುದಾರನಕಿಂತ ಕಡಿಮಿ ಮಾತಾಡತೈತಿ," ಎಂದು ನನ್ನ ಕಡೆ ನೋಡಿದರು.

ಇಂಥವರು ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಮದುವೆಯಾದಾಗಿನಿಂದ ಒಂದು ಪಂಚಮಿಗೂ ಬೀಗರು ಅವಳನ್ನು ತವರಿಗೆ ಕಳಿಸಿರಲಿಲ್ಲ. ಆ ಬೇಸಿಗೆಯಲ್ಲಿ, ಮನೆಯ ಹಿಂದಿನ ಬೇವು ಮಾರುವುದಿದೆ, ಬರಬೇಕೆಂದು ಹೇಳಿಕಳಿಸಿದರು.

ನಾವು ಹೋದಾಗ ಮರಕುಟಿಗದ ಜೋಡಿ ಸರದಿಯಂತೆ ಬಂದು ಮೇಲಿನ ತೂತಿಗೆ ಕೊಕ್ಕು ಹಾಕಿ ಹೋಗುತ್ತಿತ್ತು. ಒಳಗಿನಿಂದ ಬುಸ್ಸೆಂಬ ಸದ್ದು.

"ಹಾವು ಇರಬೇಕ್ರಿ," ಎಂದ ಬೀಗ.

ಅದು ಮರಿಗಳ ಸದ್ದೆಂದು ಕಾಕಾಗೆ ಗೊತ್ತಿತ್ತು, ಮರ ಟೊಳ್ಳೆಂದೂ ಗೊತ್ತಿತ್ತು. ಆದರೆ ಅಂದು ಕಿವಿ ಹಚ್ಚಲಿಲ್ಲ, ಕೊಡಲಿ ಎತ್ತಲಿಲ್ಲ. ಮಗಳು ಹಿತ್ತಲ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಗಟ್ಟಿ ಮರ ಐತ್ರಿ ಬೀಗರ. ಹಲಗಿ ರೇಟ ಕೊಡ್ರಿ. ಈ ಸಲ ಪಂಚಮಿಗೆ ಕಳಸೋಣಂತ," ಎಂದ ಬೀಗ.

ನಾನು ಬಾಯಿ ತೆಗೆದೆ. ಕಾಕಾ ನನ್ನ ತೋಳು ಚಿವುಟಿ, "ಬೀಗರ ಮಾತಿಗೆ ಎರಡ ಮಾತೇನ್ರಿ, ಆತು" ಎಂದರು.

ದಾರಿಯಲ್ಲಿ ಜಗಳ ತೆಗೆದೆ. "ಟೊಳ್ಳ ಮರಕ್ಕ ಹಲಗಿ ರೇಟ?"

"ನಾ ಇವತ್ತ ಕೊರತಿ ತಗದ್ರ, ಅದನ್ನ ಆಕಿ ದಿನಾ ಕೇಳಬೇಕಾಗತೈತಿ ಲೇ."

ಮರಿಗಳು ಹಾರಿಹೋಗುವತನಕ ಕಾದು ಕಡಿಯಲು ಹೋದೆವು. ಮರ ಬೀಗರ ಮನೆಯ ಮೇಲೆ ಬೀಳದಂತೆ ಮೇಲೆ ಹಗ್ಗ ಕಟ್ಟಬೇಕಿತ್ತು. ಆಳು ಹತ್ತಲು ಹೋದರೆ ಕಾಕಾ ತಡೆದರು. "ಒಳಗ ಏನೈತಿ ಅಂತ ಗೊತ್ತಿದ್ದಾಂವನ ಹತ್ತಬೇಕು," ಎಂದು ತಾವೇ ಏರಿದರು. ತೂತಿದ್ದಲ್ಲೇ ಮರ ಮುರಿಯಿತು.

ಸೊಂಟ ಮುರಿದು ಮಲಗಿದವರನ್ನು ನೋಡಲು ಬೀಗ ಬಂದ. "ನೋಡಿ ಹತ್ತಬೇಕಿತ್ರಿ. ನಿಮಗ ತಿಳೀಲಾರದ ಮರ ಏನದು?" ಎಂದ. ಕಾಕಾ ಕೇಳಿದ್ದು, "ಪಂಚಮಿಗೆ ಕಳಸ್ತೀರಲ್ರಿ?" ಅಷ್ಟೇ.

ಪಂಚಮಿಗೆ ಮೊದಲೇ ಅವರು ತೀರಿಕೊಂಡರು. ಮಗಳು ತವರಿಗೆ ಬಂದದ್ದು ಮಣ್ಣಿಗೆ. ಕಣ್ಣೀರು ಆರುವ ಮೊದಲೇ, ದನಗಳನ್ನು ನೋಡುವವರಿಲ್ಲವೆಂದು ಹೇಳಿ ಬೀಗರು ಅವಳನ್ನು ಹಿಂದಕ್ಕೆ ಕರೆದೊಯ್ದರು.

ನೀವು ವ್ಯಾಪಾರದವರಾಗಿದ್ದರೆ ನನ್ನ ಮಾತು ಕೇಳಿ. ಬೀಗರ ಮಾಲು ಕೊಳ್ಳಬೇಡಿ. ಕೊಳ್ಳಲೇಬೇಕಾಗಿ ಬಂದರೆ ನೀವು ಮನೆಯಲ್ಲಿರಿ, ಹೊರಗಿನವನನ್ನು ಕಳಿಸಿ, ಕೊರತೆಯನ್ನು ಅವನ ಬಾಯಿಂದ ಆಡಿಸಿ. ಕೆಟ್ಟವರೆನಿಸಿಕೊಳ್ಳಲು ನನ್ನಂಥವರು ಬೇಕಾದಷ್ಟು ಇದ್ದೇವೆ. ಮಗಳನ್ನು ಕರೆತರಬೇಕಿದ್ದರೆ ಬಂಡಿ ಹೂಡಿಕೊಂಡು ಹೋಗಿ, ಹಿರಿಯರನ್ನು ಕೂಡಿಸಿ, ಮಗಳನ್ನೇ ಕೇಳಿ. ನಡುವೆ ಮರ ತರಬೇಡಿ.